ಸೇಲಂ ಮಾಟಗಾತಿ ಕೇಸು: ಒಂದೇ ಚರ್ಚಿನ ಜನ ಒಬ್ರನ್ನೊಬ್ರು ಹೆಂಗೆ ನೇಣಿಗೆ ಕಳಿಸಿದ್ರು?

ಅರಸೀಕೆರೆ_ಅನಿವಾಸಿ:

ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ಇದು ತಮಿಳ್ನಾಡಿನ ಸೇಲಂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರೋ ಸೇಲಂ. ನಾನಿರೋದು ಬಾಸ್ಟನ್ ಹತ್ರ, ಅಪ್ಪ ಅಮ್ಮ ಊರಿಂದ ಬಂದಿದಾರೆ, ಟ್ರೈನಲ್ಲಿ ಅರ್ಧ ಗಂಟೆ ಅಷ್ಟೇ ಅಂತ ಹೋದ ಶನಿವಾರ ಕರ್ಕೊಂಡು ಹೋದೆ. ಅಕ್ಟೋಬರ್ ಬೇರೆ, ಊರ್ ತುಂಬಾ ಚೂಪು ಟೋಪಿ ಹಾಕ್ಕೊಂಡು ಮುಖಕ್ಕೆ ಹಸಿರು ಬಣ್ಣ ಬಳ್ಕೊಂಡಿರೋ ಜನ, ಪೊಲೀಸ್ ಕಾರಿನ ಮೇಲೂ ಪೊರಕೆ ಮೇಲೆ ಕೂತಿರೋ ಮಾಟಗಾತಿ ಚಿತ್ರ, ಅಪ್ಪ ಅಂತೂ ಇದೇನ್ ಜಾತ್ರೆನೋ ಅಂತ ನಗ್ತಾ ಇದ್ರು.

ಆಮೇಲೆ ಹಳೇ ಸ್ಮಶಾನದ ಪಕ್ಕ ಒಂದು ಸ್ಮಾರಕ ಇದೆ, ಅಲ್ಲಿಗೆ ಹೋದ್ವಿ. ಗೋಡೆಯಿಂದ ಕಲ್ಲಿನ ಬೆಂಚುಗಳು ಹೊರಗೆ ಚಾಚ್ಕೊಂಡಿವೆ, ಒಟ್ಟು 20, ಒಂದೊಂದ್ರ ಮೇಲೂ ಒಂದ್ ಹೆಸ್ರು. ಒಳಗೆ ಕಾಲಿಡೋ ಜಾಗದಲ್ಲಿ ನೆಲದ ಕಲ್ಲಿನ ಮೇಲೆ ಅವ್ರು ಕೋರ್ಟಲ್ಲಿ ಹೇಳಿದ ಮಾತು ಕೆತ್ತಿದಾರೆ, ನಾನು ತಪ್ಪು ಮಾಡಿಲ್ಲ ದೇವರಿಗೆ ಗೊತ್ತು ಅನ್ನೋ ತರದ್ದು, ಆದ್ರೆ ವಾಕ್ಯ ಮುಗಿಯೋ ಮುಂಚೆನೇ ಗೋಡೆ ಬಂದು ಅದ್ರ ಮೇಲೆ ಕೂತ್ಕೊಂಡಿದೆ, ಅರ್ಧ ಮಾತು ಕಲ್ಲಿನ ಅಡಿಗೆ ಹೋಗ್ಬಿಟ್ಟಿದೆ. ಅಮ್ಮಂಗೆ ಮಂಡಿನೋವು, ಒಂದ್ ಬೆಂಚಿನ ಮೇಲೆ ಕೂರಕ್ಕೆ ಹೋದ್ರು, ಅದ್ರಲ್ಲೇನೋ ಬರ್ದಿದೆ ಓದು ಅಂದ್ರು. ರೆಬೆಕಾ ನರ್ಸ್, ನೇಣು, ಜುಲೈ 19, 1692. ವಯಸ್ಸೆಷ್ಟಂತೆ ಅಂದ್ರು, ಫೋನಲ್ಲಿ ನೋಡಿ 71 ಅಂದೆ. ಅಮ್ಮ ಕೂರ್ಲೇ ಇಲ್ಲ, ಅಷ್ಟ್ ಹೊತ್ತೂ ನಿಂತೇ ಇದ್ರು.

ವಾಪಸ್ ಬರ್ತಾ ಟ್ರೈನಲ್ಲಿ ಅಮ್ಮ ಕೇಳಿದ್ದು ಇಷ್ಟೇ. "ಅಷ್ಟ್ ಚಿಕ್ ಊರು, ಎಲ್ಲಾ ಒಂದೇ ದೇವ್ರು, ಒಂದೇ ಗುಡಿ, ಹುಟ್ಟಿದಾಗಿಂದ ನೋಡಿರೋ ಅಜ್ಜಿ, ಮಾಟ ಮಾಡ್ತಾಳೆ ಅಂದ್ರೆ ಹೆಂಗಪ್ಪಾ ನಂಬಿದ್ರು?" ನನ್ ಹತ್ರ ಉತ್ತರ ಇರ್ಲಿಲ್ಲ. ಗೂಗಲ್ ಮಾಡಿದ್ರೆ ಒಬ್ಬ ಬ್ರೆಡ್ಡಲ್ಲಿ ಬೂಸ್ಟು ಹಿಡಿದಿತ್ತು ಅಂತಾನೆ, ಇನ್ನೊಬ್ಬ ಗುಲಾಮಳು ಒಬ್ಳು ಹುಡುಗೀರಿಗೆ ವೂಡೂ ಅನ್ನೋ ಮಾಟಮಂತ್ರ ಕಲಿಸಿದ್ಳು ಅಂತಾನೆ, ಮತ್ತೊಬ್ಬ ಜೀವಂತ ಸುಟ್ರು ಅಂತಾನೆ. ಸರಿಯಾಗಿ ಓದ್ಕೊಂಡಿರೋರು ಯಾರಾದ್ರೂ ಇದ್ರೆ ಹೇಳಿ, ಅಮ್ಮಂಗೆ ಓದಿ ಹೇಳ್ಬೇಕು.

ಹಳೇಕಡತ:

ಮೊದ್ಲು ಸುಟ್ರು ಅನ್ನೋದನ್ನ ಬಿಟ್ಬಿಡಿ. ಸೇಲಂನಲ್ಲಿ ಯಾರನ್ನೂ ಸುಟ್ಟಿಲ್ಲ, ಅದು ಯೂರೋಪಿನ ಬೇರೆ ಕಡೆ. ಇಂಗ್ಲಿಷ್ ಕಾನೂನಲ್ಲಿ ಮಾಟಕ್ಕೆ ನೇಣು. 19 ಜನ ನೇಣಿಗೆ ಹೋದ್ರು, 14 ಹೆಂಗಸ್ರು 5 ಗಂಡಸ್ರು, ಒಬ್ಬ ಮುದುಕನ್ನ ಮೇಲೆ ಕಲ್ಲು ಹೇರಿ ಸಾಯಿಸಿದ್ರು, ಕನಿಷ್ಠ ಐದು ಜನ ಜೈಲಲ್ಲೇ ಸತ್ರು. ಆರೋಪ ಬಂದಿದ್ದು 150ಕ್ಕೂ ಹೆಚ್ಚು ಜನರ ಮೇಲೆ.

ಇನ್ನೊಂದು, ನೀವು ನೋಡಿದ ಸೇಲಂ ಬಂದರು ಪಟ್ಟಣ. ಗಲಾಟೆ ಶುರುವಾಗಿದ್ದು ಅದ್ರ ಒಳನಾಡಿನ ಸೇಲಂ ವಿಲೇಜಲ್ಲಿ, ಈಗ ಅದ್ರ ಹೆಸ್ರು ಡ್ಯಾನ್ವರ್ಸ್. ಎಲ್ಲಾ ರೈತ್ರು, ಕಟ್ಟಾ ಪ್ಯೂರಿಟನ್ನರು (ಕ್ರಿಶ್ಚಿಯನ್ನರಲ್ಲಿ ತುಂಬಾ ಮಡಿವಂತಿಕೆಯ ಒಂದು ಪಂಗಡ), ಮತ್ತೆ ಒಬ್ಬರಿಗೊಬ್ಬರು ಆಗ್ತಿರ್ಲಿಲ್ಲ. ಜಮೀನಿನ ಗಡಿ ಜಗಳ, ಪಟ್ಟಣದ ಕಡೆಯೋರು ವರ್ಸಸ್ ಹಳ್ಳಿ ಕಡೆಯೋರು, ಪಟ್ನಮ್ ಮನೆತನ ವರ್ಸಸ್ ಪೋರ್ಟರ್ ಮನೆತನ. ಪಾದ್ರಿಗಳು ಅಲ್ಲಿ ನಿಲ್ತಾನೇ ಇರ್ಲಿಲ್ಲ, ಮೂರು ಜನ ಬಂದು ಓಡಿಹೋಗಿದ್ರು. ಅದ್ರಲ್ಲಿ ಒಬ್ಬ ಜಾರ್ಜ್ ಬರೋಸ್, ಹೆಂಡ್ತಿ ಸತ್ತಾಗ ಪಟ್ನಮ್ ಮನೆಯೋರ ಹತ್ರ ಸಾಲ ತಗೊಂಡಿದ್ದ, ಅದಕ್ಕೆ ಅವನ ಮೇಲೆ ಕೇಸೂ ಹಾಕಿದ್ರು. ಊರು ಬಿಟ್ಟು ಹೋಗಿ ಎಷ್ಟೋ ವರ್ಷ ಆದ್ಮೇಲೆ 1692ರಲ್ಲಿ ಅವನನ್ನ ಮಾಟಗಾರರ ಲೀಡರ್ ಅಂತ ಹಿಡ್ಕೊಂಬಂದು ನೇಣಿಗೆ ಹಾಕಿದ್ರು. ಸಾಲದ್ ಜಗಳ ಎಲ್ಲಿಗೆ ಹೋಗಿ ನಿಲ್ತು ನೋಡಿ.

ನಾಲ್ಕನೇ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್, 1689ರಲ್ಲಿ ಬಂದ. ಸಂಬಳ ಎಷ್ಟು, ಮನೆ ಯಾರ ಹೆಸರಿಗೆ, ಒಲೆಗೆ ಸೌದೆ ಯಾರು ಕೊಡ್ಬೇಕು, ಇದ್ರದ್ದೇ ಕಿರಿಕಿರಿ. 1691ರ ಅಕ್ಟೋಬರಲ್ಲಿ ಊರ ಕಮಿಟಿ ಅವನ ಸಂಬಳಕ್ಕೆ ತೆರಿಗೆ ಎತ್ತಲ್ಲ ಅಂತು. ಅಲ್ಲಿನ ಚಳಿ ನಿಮಗೆ ಗೊತ್ತಲ್ಲ, ಮನೇಲಿ ಸೌದೆ ಖಾಲಿ ಆಗ್ತಾ ಬಂದಿದೆ, ಭಾನುವಾರದ ಪ್ರವಚನದಲ್ಲಿ ಸೈತಾನ ನಮ್ಮೊಳಗೇ ಇದಾನೆ ಅಂತ ಮಾತಾಡ್ತಾನೆ, ಅದೇ ಮನೇಲಿ ಜನವರಿಯಲ್ಲಿ ಅವನ ಮಗಳು ಬೆಟ್ಟಿ 9 ವರ್ಷ, ಜೊತೆಗಿದ್ದ ಅಬಿಗೇಲ್ 11 ವರ್ಷ, ಇಬ್ರಿಗೂ ಮೈ ಸೆಟೆಯೋದು ಕೂಗಾಡೋದು ಶುರುವಾಯ್ತು. ಔಷಧಿ ನಾಟ್ಲಿಲ್ಲ, ಡಾಕ್ಟ್ರು ಬಂದು ನೋಡಿ ಇದು ಕೆಟ್ಟ ಕೈವಾಡ ಅಂದ. ಡಾಕ್ಟ್ರು ಆ ಮಾತು ಆಡದೇ ಇದ್ದಿದ್ರೆ ಅಂತ ನಂಗೆ ಎಷ್ಟೋ ಸಲ ಅನ್ಸಿದೆ.

ವೂಡೂ ಕತೆ: ಕಾಡಲ್ಲಿ ಕುಣಿದ್ರು, ಟಿಟುಬಾ ಮಂತ್ರ ಕಲಿಸಿದ್ಳು ಅನ್ನೋದೆಲ್ಲಾ ದಾಖಲೆಯಲ್ಲಿ ಎಲ್ಲೂ ಇಲ್ಲ. ಟಿಟುಬಾ ಪಾದ್ರಿ ಮನೆಯ ಗುಲಾಮಳು, ದಾಖಲೆಯಲ್ಲಿ ಅವಳನ್ನ ಇಂಡಿಯನ್ ಅಂತ ಬರೆದಿದಾರೆ, ನಮ್ ಇಂಡಿಯಾ ಅಲ್ಲ, ಅಮೆರಿಕದ ಕಡೆಯ ಮೂಲನಿವಾಸಿ ಅನ್ನೋ ಅರ್ಥ. ನಿಜವಾಗಿ ಮದ್ದು ಹೇಳ್ಕೊಟ್ಟೋಳು ಪಕ್ಕದ ಮನೆಯ ಇಂಗ್ಲಿಷ್ ಹೆಂಗಸು ಮೇರಿ ಸಿಬ್ಲಿ, ಚರ್ಚ್ ಮೆಂಬರ್ರು. ರೈ ಅನ್ನೋ ಧಾನ್ಯದ ಹಿಟ್ಟಿಗೆ ಆ ಹುಡುಗೀರ ಉಚ್ಚೆ ಕಲಸಿ ಬೂದಿಯಲ್ಲಿ ರೊಟ್ಟಿ ಸುಟ್ಟು ನಾಯಿಗೆ ಹಾಕಿ, ಮಾಟ ಯಾರು ಮಾಡಿದ್ದು ಗೊತ್ತಾಗತ್ತೆ ಅಂತ. ಅಪ್ಪಟ ಇಂಗ್ಲಿಷ್ ಹಳ್ಳಿ ಮದ್ದು. ಅದಾದ್ಮೇಲೆ ಹುಡುಗೀರು ಹೆಸ್ರು ಹೇಳಕ್ಕೆ ಶುರು ಮಾಡಿದ್ರು. ಫೆಬ್ರವರಿ 29ಕ್ಕೆ ಮೂರು ವಾರಂಟು: ಟಿಟುಬಾ, ಮನೆಮನೆ ಬೇಡ್ತಿದ್ದ ಸಾರಾ ಗುಡ್, ಚರ್ಚಿಗೆ ಬರ್ದೇ ಇದ್ದ ಸಾರಾ ಆಸ್ಬಾರ್ನ್. ಊರಲ್ಲಿ ಯಾರೂ ಇವರ ಪರ ನಿಲ್ಲಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಸಾರಾ ಇಬ್ರೂ ನಾವಲ್ಲ ಅಂದ್ರು. ಟಿಟುಬಾ ಹೂಂ ಅಂದ್ಳು. ಬಾಸ್ಟನ್ನಿನ ಎತ್ತರದ ಮನುಷ್ಯ ಬಂದ, ಹಳದಿ ಹಕ್ಕಿ ಇತ್ತು, ಕೆಂಪು ಬೆಕ್ಕು ಮಾತಾಡ್ತು ಅಂತ ಹೇಳ್ಕೊಂಡು ಹೋದ್ಳು. ಅದರ ಜೊತೆ ಒಂದು ಪುಸ್ತಕ ತೋರಿಸಿದ, ಅದ್ರಲ್ಲಿ ಒಂಬತ್ತು ಗುರುತು ಇತ್ತು ಅಂದ್ಳು.

ನಿಮ್ ತಾಯಿ ಪ್ರಶ್ನೆಗೆ ನನ್ ಉತ್ತರ ಇದೇ, ಆ ಒಂಬತ್ತು. ಸಿಕ್ಕಿರೋದು ಮೂರೇ ಜನ, ಉಳಿದೋರು ಯಾರು? ಅವತ್ತು ಮನೆಗೆ ಹೋದೋರೆಲ್ಲಾ ಎಣಿಸಕ್ಕೆ ಶುರು ಮಾಡಿದ್ರು. ನಮ್ ಹಸು ಸತ್ತ ದಿನ ಯಾರು ಬಂದಿದ್ರು, ಬೆಣ್ಣೆ ಕೂಡ್ಲಿಲ್ವಲ್ಲ ಆವತ್ತು ಯಾರ ಜೊತೆ ಜಗಳ ಆಗಿತ್ತು ಅಂತ. ಹತ್ತು ಇಪ್ಪತ್ತು ವರ್ಷದ ಹಳೇ ಲೆಕ್ಕ ಎಲ್ಲಾ ಕೋರ್ಟಿಗೆ ಬಂದ್ವು, ಸಾಕ್ಷಿ ಹೇಳಿಕೆ ಓದಿದ್ರೆ ಅರ್ಧಕ್ಕರ್ಧ ಹಂದಿ, ಹಸು, ಬೇಲಿ.

ಕರಿಕೋಟು_ತುಮಕೂರು:

ಮೇಲಿನೋರು ಚೆನ್ನಾಗ್ ಹೇಳಿದಾರೆ. ಆದ್ರೆ ಊರ ಜಗಳ ಎಲ್ಲಾ ಊರಲ್ಲೂ ಇರತ್ತೆ ಗುರೂ, ನಮ್ ಕೋರ್ಟಿಗೆ ಬನ್ನಿ ದಿನಾ ತೋರಿಸ್ತೀನಿ. ಜಗಳ ನೇಣಿನವರೆಗೂ ಹೋಗಿದ್ದು ಕೋರ್ಟು ಎಂಥಾ ಸಾಕ್ಷಿ ಒಪ್ಕೊಳ್ತು ಅನ್ನೋದ್ರಿಂದ.

ಅಲ್ಲಿ ಪ್ರೇತ ಸಾಕ್ಷಿ ಅಂತ ಒಂದಿತ್ತು. ಹುಡುಗಿ ಕೂಗ್ತಾಳೆ, ಅಗೋ ರೆಬೆಕಾಜ್ಜಿಯ ರೂಪ ಬಂದು ನನ್ನ ಚಿವುಟ್ತಿದೆ ಅಂತ. ಅದು ಅವಳಿಗೆ ಬಿಟ್ಟು ಯಾರಿಗೂ ಕಾಣಲ್ಲ. ಅಜ್ಜಿ ಆವಾಗ ಮನೇಲಿ ಹಾಸಿಗೆ ಹಿಡಿದು ಮಲಗಿದ್ಳು ಅಂತ ಹತ್ತು ಜನ ಬಂದು ಹೇಳಿದ್ರೂ ಪ್ರಯೋಜನ ಇಲ್ಲ, ದೇಹ ಮನೇಲಿತ್ತು ರೂಪ ಇಲ್ಲಿ ಬಂದಿತ್ತು ಅಂತಾರೆ. ಇದಕ್ಕೆ ಯಾವ ವಕೀಲ ಏನ್ ಮಾಡ್ತಾನೆ, ಅಲ್ಲಿ ಆರೋಪಿಗಳಿಗೆ ವಕೀಲರೇ ಇರ್ಲಿಲ್ಲ ಬಿಡಿ. ಮುಖ್ಯ ಜಡ್ಜು ವಿಲಿಯಂ ಸ್ಟೌಟನ್ ಏನ್ ನಂಬಿದ್ದ ಅಂದ್ರೆ, ದೇವರು ನಿರಪರಾಧಿ ರೂಪ ಎತ್ತಕ್ಕೆ ಸೈತಾನನ್ನ ಬಿಡಲ್ಲ, ಆದ್ರಿಂದ ರೂಪ ಕಾಣಿಸ್ತು ಅಂದ್ರೆ ಆ ಮನುಷ್ಯ ಒಪ್ಪಿದಾನೆ ಅಂತಲೇ ಅರ್ಥ. ಮೊದಲನೇ ನೇಣು ಜೂನ್ 10ಕ್ಕೆ, ಬ್ರಿಜೆಟ್ ಬಿಷಪ್. ಅದಾದ್ಮೇಲೆ ನಥಾನಿಯಲ್ ಸಾಲ್ಟನ್‌ಸ್ಟಾಲ್ ಅನ್ನೋ ಜಡ್ಜು ನಂಗೆ ಇದು ಬೇಡ ಅಂತ ಎದ್ದು ಹೋದ. ಒಬ್ನಾದ್ರೂ.

ರೆಬೆಕಾ ನರ್ಸ್ ಕೇಸ್ ಕೇಳಿ. ಆಕೆ ಪರವಾಗಿ 39 ಜನ ಸೈನ್ ಹಾಕಿ ಅರ್ಜಿ ಕೊಟ್ಟಿದ್ರು, ಅದ್ರಲ್ಲಿ ಪಟ್ನಮ್ ಮನೆತನದೋರೂ ಇದ್ರು. ಜ್ಯೂರಿ ತಪ್ಪಿತಸ್ಥೆ ಅಲ್ಲ ಅಂತ ತೀರ್ಪೂ ಕೊಡ್ತು. ಕೋರ್ಟಲ್ಲಿ ಹುಡುಗೀರು ಹೋ ಅಂತ ಕಿರುಚಕ್ಕೆ ಶುರು ಮಾಡಿದ್ರು. ಸ್ಟೌಟನ್ ಜ್ಯೂರಿಗೆ, ಆಕೆ ಆಡಿದ ಒಂದು ಮಾತು ಗಮನಿಸಿದ್ರಾ ಅಂದ. ತಪ್ಪೊಪ್ಕೊಂಡಿದ್ದ ಒಬ್ಬ ಹೆಂಗಸನ್ನ ಸಾಕ್ಷಿಗೆ ಕರ್ಕೊಂಡು ಬಂದಾಗ ರೆಬೆಕಾ, ಇವಳೂ ನಮ್ಮವಳೇ ಅಲ್ವಾ ಅಂದಿದ್ಳು. ನನ್ ಜೊತೆ ಜೈಲಲ್ಲಿದ್ದ ಕೈದಿ ಅನ್ನೋ ಅರ್ಥದಲ್ಲಿ. ಜ್ಯೂರಿಯೋರು ವಾಪಸ್ ಬಂದು, ಅಮ್ಮಾ ಹಂಗಂದ್ರೆ ಏನು ಅಂತ ಕೇಳಿದ್ರು. ಆಕೆಗೆ ಕಿವಿ ಕೇಳಿಸ್ತಿರ್ಲಿಲ್ಲ, ಮೇಲೆ ದುಃಖದಲ್ಲಿದ್ಳು, ಪ್ರಶ್ನೆ ಕೇಳಿದಾರೆ ಅಂತಾನೇ ಗೊತ್ತಾಗ್ಲಿಲ್ಲ, ಸುಮ್ನೆ ನಿಂತಿದ್ಳು. ಸುಮ್ನಿದಾಳೆ ಅಂದ್ರೆ ಒಪ್ಕೊಂಡಂಗೆ ಅಂತ ತೀರ್ಪು ತಿರುಗಿಸಿದ್ರು. ಗವರ್ನರ್ ಫಿಪ್ಸ್ ತಡೆ ಕೊಟ್ಟ, ಆಮೇಲೆ ಅದನ್ನೂ ವಾಪಸ್ ತಗೊಂಡ. ಇಷ್ಟೇ, ಕಿವಿ ಕೇಳಿಸ್ಲಿಲ್ಲ ಅಂತ ಒಂದು ಜೀವ ಹೋಯ್ತು.

ಮತ್ತೆ ಇದನ್ನ ಯಾರೂ ಸರಿಯಾಗಿ ಹೇಳಲ್ಲ: ಹೌದು ನಾನು ಮಾಟಗಾತಿ ಅಂತ ಒಪ್ಕೊಂಡೋರನ್ನ ನೇಣಿಗೆ ಹಾಕ್ಲಿಲ್ಲ, ಬೇರೆಯೋರ ಮೇಲೆ ಸಾಕ್ಷಿಗೆ ಬೇಕು ಅಂತ ಇಟ್ಕೊಂಡ್ರು. ದೇವರ ಮುಂದೆ ಸುಳ್ಳು ಹೇಳಲ್ಲ ಅಂದೋರು ಸತ್ರು. ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಅಂತ ಒಬ್ಬ, ಮೊದ್ಲು ಒಪ್ಕೊಂಡ, ಆಮೇಲೆ ಮನಸ್ಸು ಕೇಳ್ದೆ ಇಲ್ಲ ಅದು ಸುಳ್ಳು ಅಂದ, ಅವನನ್ನ ಸೆಪ್ಟೆಂಬರ್ 22ಕ್ಕೆ ನೇಣಿಗೆ ಹಾಕಿದ್ರು. ಇದನ್ನ ನೋಡಿದ ಆಂಡೋವರ್ ಊರಿನ ಜನ ಏನ್ ಮಾಡ್ತಾರೆ ಹೇಳಿ? ಮಗಳು ತಾಯಿಗೆ, ಗಂಡ ಹೆಂಡ್ತಿಗೆ, ಒಪ್ಕೊಂಬಿಡು ಜೀವ ಉಳಿಯತ್ತೆ ಅಂತ ಬೇಡ್ಕೊಂಡ್ರು. ಒಪ್ಕೊಂಡ್ರೆ ಸಾಕಾಗಲ್ಲ, ಜೊತೆಗಿದ್ದೋರು ಯಾರು ಅಂತ ಹೆಸ್ರು ಕೊಡ್ಬೇಕು. 50ಕ್ಕೂ ಹೆಚ್ಚು ಜನ ಒಪ್ಕೊಂಡ್ರು. ಒಬ್ಬೊಬ್ರ ಒಪ್ಪಿಗೆಯಿಂದ ನಾಲ್ಕೈದು ಹೊಸ ವಾರಂಟು. ಹರಡಿದ್ದು ಹಿಂಗೆ, ಎಲ್ರೂ ನಂಬಿದ್ರು ಅಂತ ಅಲ್ಲ.

ಬಯಲುಸೀಮಿ_ಬಸ್ಸು:

ನಾ ಬೀದರ್ ಕಡಿಯಾಂವ. ನಮ್ ಕಡಿ ಇದಕ್ಕ ಬಾನಾಮತಿ ಅಂತಾರ. ಅರಿವಿಗಿ ತಾನೇ ಬೆಂಕಿ ಹತ್ತತದ, ಮನಿ ಮ್ಯಾಲ ಕಲ್ಲ ಬೀಳತಾವ, ಹೆಣ್ಮಕ್ಕಳು ನಾಯಿಹಂಗ ಬೊಗಳತಾರ. ಹಿಂದಕ್ಕ ಯಾರ ಮ್ಯಾಲರೆ ಸಂಶಯ ಬಂತಂದ್ರ ಹಲ್ಲ ಕೀಳತಿದ್ರು. ಹಲ್ಲ ಇಲ್ಲಂದ್ರ ಮಂತ್ರ ಸರಿ ಹೊಂಡಂಗಿಲ್ಲ ಅಂತ.

ಮ್ಯಾಲ ಆ ಪಾದ್ರಿ ಬರೋಸಂದು ಹೇಳಿದ್ರಲ್ಲ, ಅವನ್ದ ನಾನೂ ಓದೀನಿ. ಮಾಟ ಮಾಡೋರಿಗೆ ಅವರ ದೇವರ ಪ್ರಾರ್ಥನಿ ತಪ್ಪಿಲ್ದಂಗ ಹೇಳಾಕ ಬರಂಗಿಲ್ಲ ಅಂತ ಅಲ್ಲಿ ನಂಬಿದ್ರು. ಅಂವಾ ನೇಣಿನ ಏಣಿ ಮ್ಯಾಲ ನಿಂತು ಒಂದ್ ಅಕ್ಷರ ತಪ್ಪಿಲ್ದ ಹೇಳಿದ. ಮಂದಿ ಅತ್ರು, ಬಿಡ್ರಿ ಅಂವನ್ನ ಅನ್ನಾಕ ಹತ್ತಿದ್ರು. ಕುದ್ರಿ ಮ್ಯಾಲ ಕುಂತಿದ್ದ ಕಾಟನ್ ಮೇದರ್ ಅನ್ನೋ ದೊಡ್ಡ ಪಾದ್ರಿ, ಸೈತಾನ ದೇವದೂತನ ವೇಷಾನೂ ಹಾಕ್ತಾನ ಅಂತ ಮಂದೀನ ಸಮಾಧಾನ ಮಾಡಿದ. ತಪ್ಪಿದ್ರ ಮಾಟಗಾರ, ತಪ್ಪಲಿಲ್ಲಂದ್ರ ಪಕ್ಕಾ ಮಾಟಗಾರ. ನಮ್ ಕಡಿ ಹಲ್ಲು, ಅವರ ಕಡಿ ನಾಲಗಿ, ಅಷ್ಟ ಫರಕು.

ಒಂದ್ ಮಾತ್ ಹೇಳತೀನಿ, ಇಲ್ಲಿ ಯಾರಿಗೂ ನಾ ಯಾರಂತ ಗೊತ್ತಿಲ್ಲ ಅಂತ ಹೇಳಾಕತ್ತೀನಿ. ನಾ ಐದನೇತ್ತ ಇದ್ದಾಗ ನಮ್ ಓಣ್ಯಾಗ ಎರಡ್ ಹುಡುಗ್ಯಾರು ಹಿಂಗ ಬೊಗಳಾಕ ಹತ್ತಿದ್ರು. ಓಣಿ ತುದಿಗಿ ಒಬ್ಬಾಕಿ ಮುದುಕಿ ಇದ್ಲು, ಗಂಡ ಇಲ್ಲ ಮಕ್ಕಳಿಲ್ಲ, ಮಜ್ಜಿಗಿ ಕೇಳಾಕ ನಮ್ ಮನಿಗೂ ಬರ್ತಿದ್ಲು. ಹಿರ್ಯಾರೆಲ್ಲಾ ಕಟ್ಟಿ ಮ್ಯಾಲ ಕೂಡಿದ್ರು, ಆಕಿ ಬಾಗಲ್ದಾಗ ಏನರೆ ನೋಡೀರೇನು ಅಂತ ಹುಡುಗರ್ನ ಕೇಳಿದ್ರು. ನಾ ನಿಂಬಿಕಾಯಿ ನೋಡೀನಿ, ಸೂಜಿ ಚುಚ್ಚಿತ್ತು ಅಂದೆ. ನೋಡಿರಲಿಲ್ಲ. ಯಾಕ ಹೇಳಿದೆ ಅಂದ್ರ, ಎಲ್ಲಾರೂ ನನ್ ಕಡೆ ತಿರುಗಿ ನೋಡಿದ್ರು ನೋಡ್ರಿ, ಅದು ಚಲೋ ಅನಿಸ್ತು. ಅಷ್ಟ. ಆಕೀನ ಹೊಡೀಲಿಲ್ಲ, ಆದ್ರ ಯಾರೂ ಮಜ್ಜಿಗಿ ಹಾಕಲಿಲ್ಲ, ಬಾವಿಗಿ ಬಿಡಲಿಲ್ಲ, ಮಳಿಗಾಲಕ್ಕ ಮೊದಲ ಊರ ಬಿಟ್ ಹೋದ್ಲು. ಆ ಹುಡುಗ್ಯಾರದು ಒಬ್ಬಾಕೀದು ಲಗ್ನ ಆಯ್ತು, ಬೊಗಳೋದು ನಿಂತು ಹೋತು. ನಮ್ ಅವ್ವಗ ಇವತ್ತಿಗೂ ಹೇಳಿಲ್ಲ.

ಪೀಣ್ಯ_ಪ್ರಶಾಂತ:

ಬ್ರೆಡ್ ಥಿಯರಿನ ಯಾರೂ ಮುಟ್ಲಿಲ್ವಲ್ಲ. ಎರ್ಗಟ್ ಅನ್ನೋ ಫಂಗಸ್ ರೈ ಕಾಳಲ್ಲಿ ಬೆಳೆಯತ್ತೆ, ತಿಂದ್ರೆ ಮೈ ಸೆಟೆಯತ್ತೆ, ಇಲ್ಲದ್ದೆಲ್ಲಾ ಕಾಣ್ಸತ್ತೆ. ಸೈಂಟಿಫಿಕ್ ಕಾರಣ ಇರೋವಾಗ ಸಂಬಳ ಸೌದೆ ಅಂತೆಲ್ಲಾ ಯಾಕೆ?

ಹಳೇಕಡತ:

@ಪೀಣ್ಯ_ಪ್ರಶಾಂತ ಆ ವಾದ ಬಂದಿದ್ದು 1976ರಲ್ಲಿ, ಅದೇ ವರ್ಷವೇ ಅದಕ್ಕೆ ಉತ್ತರಾನೂ ಬಂತು. ಒಂದೇ ಹಿಟ್ಟು ಒಂದೇ ಒಲೆ, ಮನೇಲಿ ಉಳಿದೋರಿಗೆ ಏನೂ ಆಗ್ದೆ ಹುಡುಗೀರಿಗೆ ಮಾತ್ರ ಯಾಕೆ? ಕೋರ್ಟಲ್ಲಿ ಆರೋಪಿ ತಲೆ ಅಲ್ಲಾಡಿಸಿದ್ರೆ ಇವರ ತಲೆ ಅಲ್ಲಾಡ್ತಿತ್ತು, ಆರೋಪಿ ಕೈ ಮುಟ್ಟಿದ ತಕ್ಷಣ ಫಿಟ್ಸ್ ನಿಲ್ತಿತ್ತು. ಬೂಸ್ಟು ಅಷ್ಟು ಟೈಮ್ ಸೆನ್ಸ್ ಇಟ್ಕೊಂಡಿರಲ್ಲ. ಭಯ ನಿಜವಾಗ್ಲೂ ಇತ್ತು ಅನ್ನೋದನ್ನ ಒಪ್ತೀನಿ. ಉತ್ತರದ ಗಡಿಯಲ್ಲಿ ಫ್ರೆಂಚರು ಮತ್ತೆ ಮೂಲನಿವಾಸಿಗಳ ಜೊತೆ ಯುದ್ಧ ನಡೀತಿತ್ತು, ಅದೇ 1692ರ ಜನವರಿಯಲ್ಲಿ ಅವರು ಯಾರ್ಕ್ ಅನ್ನೋ ಊರನ್ನ ಸುಟ್ಟು ಹಾಕಿದ್ರು, ಆರೋಪ ಮಾಡಿದ ಹುಡುಗೀರಲ್ಲಿ ಆ ಯುದ್ಧದಲ್ಲಿ ಅಪ್ಪ ಅಮ್ಮನ್ನ ಕಳ್ಕೊಂಡು ಬಂದು ಮನೆಗೆಲಸಕ್ಕಿದ್ದೋರು ಇದ್ರು. ಆದ್ರೂ ವಾರಂಟಿಗೆ ಸೈನ್ ಹಾಕಿದ್ದು ದೊಡ್ಡೋರು. ಇದನ್ನ ಬೂಸ್ಟಿನ ತಲೆಗೆ ಕಟ್ಟೋದು ನಂಗೆ ಸರಿ ಕಾಣಲ್ಲ.

@ಬಯಲುಸೀಮಿ_ಬಸ್ಸು ಸರ್, ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಸೇಲಂನಲ್ಲಿ ಆರೋಪ ಮಾಡಿದ ಹುಡುಗೀರಲ್ಲಿ ಒಬ್ಳು, ಆ್ಯನ್ ಪಟ್ನಮ್, ನೆನಪಾದ್ಳು.

ಅರಸೀಕೆರೆ_ಅನಿವಾಸಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಮ್ಮಂಗೆ ಪೂರ್ತಿ ಓದಿ ಹೇಳ್ದೆ. ಕಿವಿ ಕೇಳಿಸ್ಲಿಲ್ಲ ಅನ್ನೋ ಕಡೆ ಅಮ್ಮ ಅಯ್ಯೋ ಶಿವನೇ ಅಂದ್ರು. ಬೀದರಿನೋರದ್ದು ಓದ್ವಾಗ ಮಾತ್ರ ಏನೂ ಹೇಳ್ಲಿಲ್ಲ, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಆ ಮಗೂಗೆ ಪಾಪ ಯಾರಾದ್ರೂ ಹೇಳ್ಬೇಕಿತ್ತು ಅಂದ್ರು. ಯಾವ ಮಗೂಗೆ ಅಂತ ನಾನು ಕೇಳ್ಲಿಲ್ಲ. ಹಳೇಕಡತ ಸರ್, ಆ್ಯನ್ ಪಟ್ನಮ್ ಏನಾದ್ಳು? ಮತ್ತೆ ಇದು ನಿಂತಿದ್ದು ಹೆಂಗೆ?

ಹಳೇಕಡತ:

ನಿಂತಿದ್ದು ಆರೋಪ ದೊಡ್ಡೋರ ಮನೆ ಬಾಗಿಲಿಗೆ ಬಂದಾಗ. ಗವರ್ನರ್ ಹೆಂಡ್ತಿ ಹೆಸ್ರೂ ಬಂತು. ಅಕ್ಟೋಬರಲ್ಲಿ ಇನ್‌ಕ್ರೀಸ್ ಮೇದರ್, ಅಂದ್ರೆ ಆ ಕುದುರೆ ಮೇಲಿದ್ದೋನ ಅಪ್ಪ, ಒಬ್ಬ ನಿರಪರಾಧಿ ಸಾಯೋದಕ್ಕಿಂತ ಹತ್ತು ಮಾಟಗಾರ್ರು ತಪ್ಪಿಸ್ಕೊಂಡ್ರೂ ವಾಸಿ ಅಂತ ಬರೆದ. ಆ ತಿಂಗಳೇ ಗವರ್ನರ್ ಆ ಕೋರ್ಟನ್ನ ಮುಚ್ಚಿದ. 1693ರಲ್ಲಿ ಪ್ರೇತ ಸಾಕ್ಷಿ ಬಿಟ್ಟು ಹೊಸ ಕೋರ್ಟು ವಿಚಾರಣೆ ಮಾಡಿದ್ರೆ ಹೆಚ್ಚುಕಮ್ಮಿ ಎಲ್ರೂ ಬಿಡುಗಡೆ. ಬಿಡುಗಡೆ ಅಂದ್ರೆ ಹಂಗೇ ಮನೆಗೆ ಹೋಗಂಗಿಲ್ಲ, ಜೈಲಿನ ಊಟದ ಖರ್ಚು, ಕಾಲಿಗೆ ಹಾಕಿದ ಸಂಕೋಲೆ ಖರ್ಚು ಎಲ್ಲಾ ಕೈದಿನೇ ಕಟ್ಬೇಕು. ಟಿಟುಬಾದ್ದು ಪ್ಯಾರಿಸ್ ಕಟ್ಲಿಲ್ಲ, ಕೊನೆಗೆ ಬೇರೆ ಯಾರೋ ಕಟ್ಟಿ ಅವಳನ್ನ ಕೊಂಡ್ಕೊಂಡು ಹೋದ.

ಇನ್ನೊಂದು ಮಗು ಇತ್ತು, ಸಾರಾ ಗುಡ್ ಮಗಳು ಡೊರೊಥಿ, ನಾಲ್ಕೈದು ವರ್ಷದ್ದು. ಅದನ್ನೂ ಮಾಟಗಾತಿ ಅಂತ ತಿಂಗಳುಗಟ್ಲೆ ಸರಪಳಿ ಹಾಕಿ ಜೈಲಲ್ಲಿಟ್ಟಿದ್ರು. ಅಮ್ಮನ್ನ ನೇಣಿಗೆ ಹಾಕಿದ್ರು, ಕೈಕೂಸು ತಂಗಿ ಜೈಲಲ್ಲೇ ಸತ್ತೋಯ್ತು. 18 ವರ್ಷ ಆದ್ಮೇಲೆ ಪರಿಹಾರಕ್ಕೆ ಅರ್ಜಿ ಹಾಕಿದ ಅಪ್ಪ, ಅವಳಿಗೆ ತನ್ನನ್ನ ತಾನು ನೋಡ್ಕೊಳೋ ಬುದ್ಧಿ ಆವಾಗಿಂದ ಇಲ್ಲ ಅಂತ ಬರೆದ. 30 ಪೌಂಡ್ ಕೊಟ್ರು. ಅದೇ ಅಪ್ಪ 1692ರಲ್ಲಿ ಕೋರ್ಟಲ್ಲಿ ನಿಂತು ತನ್ನ ಹೆಂಡ್ತಿ ವಿರುದ್ಧ ಮಾತಾಡಿದ್ದ, ಅದನ್ನೂ ಹೇಳ್ಬೇಕಲ್ಲ.

ಆ್ಯನ್ ಪಟ್ನಮ್ ಆಗ 12 ವರ್ಷದೋಳು. ಅಪ್ಪ ಅಮ್ಮ ಇಬ್ರೂ 1699ರಲ್ಲಿ ಸತ್ರು, ತಮ್ಮ ತಂಗೀರನ್ನ ಸಾಕ್ಕೊಂಡು ಮದ್ವೆ ಇಲ್ದೆ ಅದೇ ಊರಲ್ಲೇ ಇದ್ಳು. 1706ರಲ್ಲಿ ಚರ್ಚಲ್ಲಿ ಎಲ್ಲರ ಮುಂದೆ ಎದ್ದು ನಿಂತ್ಳು, ಅವಳು ಬರೆದಿದ್ದ ಕ್ಷಮಾಪಣೆನ ಹೊಸ ಪಾದ್ರಿ ಜೋಸೆಫ್ ಗ್ರೀನ್ ಓದಿದ. ಸೈತಾನ ನನ್ನ ಮೋಸ ಮಾಡ್ದ, ದ್ವೇಷದಿಂದ ಮಾಡಿಲ್ಲ ಅಂತ ಇದೆ ಅದ್ರಲ್ಲಿ, ಪೂರ್ತಿ ಒಪ್ಕೊಂಡಂಗೆ ನಂಗೆ ಅನ್ಸಲ್ಲ. ಆದ್ರೆ ರೆಬೆಕಾ ನರ್ಸ್ ಮತ್ತೆ ಅವಳ ಇಬ್ರು ತಂಗೀರ ವಿಷಯನ ಬೇರೆಯಾಗಿ ತಗೊಂಡು ಕ್ಷಮೆ ಕೇಳಿದಾಳೆ. ಆ ಹುಡುಗೀರಲ್ಲಿ ಹಂಗೆ ಎಲ್ಲರ ಮುಂದೆ ಕೇಳಿದೋಳು ಇವಳೊಬ್ಳೇ. ಕೇಳಿಸ್ಕೊಂಡೋರಲ್ಲಿ ನರ್ಸ್ ಮನೆಯೋರೂ ಇದ್ರು. ಈ ಗ್ರೀನ್ ಅನ್ನೋನು ಬಂದ ಹೊಸದ್ರಲ್ಲೇ ಒಂದ್ ಕೆಲಸ ಮಾಡಿದ್ದ, ಚರ್ಚಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂರ್ಬೇಕು ಅನ್ನೋ ಪಟ್ಟಿ ಬದಲಾಯಿಸಿ ಜಗಳ ಆಡ್ಕೊಂಡಿದ್ದ ಮನೆಯೋರನ್ನ ಅಕ್ಕಪಕ್ಕ ಕೂರಿಸಿದ್ದ.

ಕರಿಕೋಟು_ತುಮಕೂರು:

ಒಂದ್ ಅಪ್ಡೇಟ್. ಆ ಕೇಸಲ್ಲಿ ತಪ್ಪಿತಸ್ಥರು ಅಂತಾಗಿದ್ದ ಎಲ್ಲರ ಹೆಸ್ರೂ ಒಂದೇ ಸಲ ಕ್ಲಿಯರ್ ಆಗ್ಲಿಲ್ಲ, ಕಂತುಕಂತಲ್ಲಿ ಆಯ್ತು. ಎಲಿಜಬೆತ್ ಜಾನ್ಸನ್ ಅನ್ನೋಳದ್ದು ಉಳ್ಕೊಂಡೇ ಇತ್ತು, ಆಕೆಗೆ ಮಕ್ಕಳಿರ್ಲಿಲ್ಲ, ಕೇಳೋಕೆ ವಂಶದೋರು ಯಾರು? ಕೊನೆಗೆ ನಾರ್ತ್ ಆಂಡೋವರ್‌ನ ಎಂಟನೇ ಕ್ಲಾಸ್ ಮಕ್ಕಳು ಹಿಂದೆ ಬಿದ್ದು 2022ರಲ್ಲಿ ಕ್ಲಿಯರ್ ಮಾಡ್ಸಿದ್ರು. ಮತ್ತೆ ಬೀದರಿನ ಸರ್, ನಮ್ಮಲ್ಲಿ ವಾಮಾಚಾರ ತಡೆ ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2020ರಲ್ಲಿ. ಈಗ ಅಂಥದ್ದೇನಾದ್ರೂ ಕಂಡ್ರೆ ಸ್ಟೇಷನ್ನಿಗೆ ಹೋಗ್ಬಹುದು.

ಬಯಲುಸೀಮಿ_ಬಸ್ಸು:

ಗೊತ್ತದ ರೀ ವಕೀಲ್ರ. ಆಗ ಇರಲಿಲ್ಲ.

ಅರಸೀಕೆರೆ_ಅನಿವಾಸಿ:

ಅಮ್ಮ ಆ ಅಜ್ಜಿ ಮನೆ ಇದ್ಯಾ ಅಂತ ಕೇಳ್ತಿದಾರೆ.

ಹಳೇಕಡತ:

ಇದೆ, ಡ್ಯಾನ್ವರ್ಸ್‌ನಲ್ಲಿ ರೆಬೆಕಾ ನರ್ಸ್ ಹೋಮ್‌ಸ್ಟೆಡ್ ಅಂತ. ಪಾದ್ರಿ ಮನೆಯ ಅಡಿಪಾಯದ ಕಲ್ಲುಗಳೂ ಅದೇ ಊರಲ್ಲಿವೆ, ಮನೆಗಳ ಹಿಂದೆ ಒಂದ್ ಸಣ್ಣ ದಾರೀಲಿ ನಡ್ಕೊಂಡು ಹೋಗ್ಬೇಕು. ಸೇಲಂ ತರ ಟೋಪಿ ಜಾತ್ರೆ ಅಲ್ಲಿಲ್ಲ. ಕಾರಲ್ಲೇ ಹೋಗಿ, ತಾಯೋರಿಗೆ ಮಂಡಿನೋವು ಅಂದ್ರಲ್ಲ, ಆ ಊರಿಗೆ ಟ್ರೈನ್ ಇಲ್ಲ.